ದೆವ್ವದ ಸಿನಿಮಾ ನೋಡಿದ್ದೇವೆ, ಒಪ್ಪುತ್ತೇವೆ



ಮಳೆ ಜೋರಾಗಿದ್ದ ಒಂದು ಭಾನುವಾರ ಗಾಯನ ಮಂಡಳಿಯ ಅಭ್ಯಾಸ ಬೇಗ ಮುಗಿಯಿತು. ಬೈಕಿನಲ್ಲಿ ಮನೆಗೆ ಹೊರಡುವ ಹಾಗಿರಲಿಲ್ಲ. ಚರ್ಚಿನ ಹತ್ತಿರವೇ ಇರುವ ಸದಸ್ಯರೊಬ್ಬರ ಮನೆಗೆ ನಾವು ಹನ್ನೊಂದು ಮಂದಿ ಓಡಿದೆವು. ಅವರ ಅಮ್ಮ ಚಹಾ ಮಾಡಿಕೊಟ್ಟರು, ಗೋಳಿಬಜೆ ಬಂತು, ಯಾರೋ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿದರು. ಮುಂದಿನ ಒಂದೂವರೆ ಗಂಟೆ ದೆವ್ವದ ಸಿನಿಮಾ ನೋಡಿದೆವು. ಇಷ್ಟು ನಡೆದದ್ದು.

ಮುಂದಿನ ಭಾನುವಾರ ಪೂಜೆ ಮುಗಿಯುವಷ್ಟರಲ್ಲಿ ಸುದ್ದಿ ಮೂರು ವಾಳೆಗಳಿಗೆ ಮುಟ್ಟಿತ್ತು. ಹೋಗುವಾಗ ಹನ್ನೊಂದು ಮಂದಿ ಇದ್ದವರು ಸುದ್ದಿಯಲ್ಲಿ ಮೂವತ್ತಾಗಿದ್ದರು. ಗೋಳಿಬಜೆಯ ವಿಷಯ ಮಾತ್ರ ಯಾರೂ ಹೇಳಲಿಲ್ಲ. ಚರ್ಚಿನ ಅಂಗಳದಲ್ಲಿ ಗುರಿಕಾರರೊಬ್ಬರು ನಮ್ಮನ್ನು ನಿಲ್ಲಿಸಿ, "ಜಪಸರ ಹೇಳುವ ಹೊತ್ತಿಗೆ ನಿಮಗೆ ದೆವ್ವದ ಸಿನಿಮಾ ಎಂತಕ್ಕೆ ಮಕ್ಕಳೇ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರ ಇತ್ತು. ಆದ್ದರಿಂದಲೇ ಎರಡು ಮಾತಿನಲ್ಲಿ ಉತ್ತರಿಸಿ ಹೊರಟುಬಿಡಲು ಮನಸ್ಸಾಗಲಿಲ್ಲ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಸಿನಿಮಾದ ಹೆಸರು ‘ಮ್ಯಾಜಿಕ್ ಕಾಪ್’. ಹಾಂಗ್‌ಕಾಂಗ್‌ನದು, 1990ರದು. ನಮ್ಮಲ್ಲಿ ಹೆಚ್ಚಿನವರು ಹುಟ್ಟುವ ಎಷ್ಟೋ ವರ್ಷ ಮೊದಲು ಬಂದದ್ದು. ಚೀನೀ ಭಾಷೆಯ ಮೂಲ ಹೆಸರಿಗೆ ‘ಪಿಶಾಚಿ ಬಿಡಿಸುವ ಪೊಲೀಸ್’ ಎಂಬ ಅರ್ಥ ಬರುತ್ತದೆ. (‘ಭೂತ’ ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದೇವೆ. ನಮ್ಮ ಕಡೆ ಭೂತ ಎಂದರೆ ನೆರೆಮನೆಯವರು ಭಯಭಕ್ತಿಯಿಂದ ನಡೆದುಕೊಳ್ಳುವ ದೈವ. ಅದನ್ನು ಹೆಣದ ಜೊತೆ ಸೇರಿಸಿ ಬರೆದರೆ ನಾಳೆ ಅವರ ಅಂಗಡಿಗೆ ಹೋಗಿ ಮುಖ ತೋರಿಸುವುದು ಹೇಗೆ?)

ಕಥೆ ಹೀಗೆ ಶುರುವಾಗುತ್ತದೆ. ಮಾದಕವಸ್ತು ಸಾಗಿಸುವ ಒಬ್ಬ ಹೆಂಗಸನ್ನು ಹಿಡಿಯಲು ಪೊಲೀಸರು ಹೊಂಚು ಹಾಕಿರುತ್ತಾರೆ. ಹಿಡಿಯಲು ಹೋದರೆ ಆಕೆ ಎಷ್ಟು ಹೊಡೆತ ಬಿದ್ದರೂ ಬಗ್ಗುವುದಿಲ್ಲ, ನೋವಿನ ಒಂದು ಸದ್ದೂ ಇಲ್ಲ, ಮುಖದಲ್ಲಿ ಏನೂ ಕಾಣುವುದಿಲ್ಲ. ಕೊನೆಗೂ ದೇಹ ಕೈಗೆ ಸಿಕ್ಕಿ ಶವಪರೀಕ್ಷೆ ನಡೆದಾಗ, ಆಕೆ ಸತ್ತು ಆಗಲೇ ಎಷ್ಟೋ ದಿನ ಕಳೆದಿದೆ ಎಂದು ತಿಳಿಯುತ್ತದೆ. ಅಂದರೆ ಸರಕು ಹೊತ್ತು ನಡೆದದ್ದು, ಓಡಿದ್ದು, ಪೊಲೀಸರ ಜೊತೆ ಸೆಣಸಿದ್ದು ಎಲ್ಲವೂ ಹೆಣ.

ಈ ಪ್ರಕರಣಕ್ಕೆ ಹಳ್ಳಿ ಕಡೆಯಿಂದ ಫೆಂಗ್ ಎಂಬ ವಯಸ್ಸಾದ ಪೊಲೀಸ್ ಬರುತ್ತಾರೆ. ಎಲ್ಲರೂ ಅವರನ್ನು ‘ಅಂಕಲ್ ಫೆಂಗ್’ ಎನ್ನುತ್ತಾರೆ. ಪೊಲೀಸ್ ಕೆಲಸದ ಜೊತೆ ತಾವೋ ಪಂಥದ ವಿದ್ಯೆಯನ್ನೂ ಬಲ್ಲವರು. ಅವರಿಗೆ ಜೋಡಿಯಾಗಿ ಸಿಗುವವರು ಪಟ್ಟಣದ ಇಬ್ಬರು ಯುವ ಪತ್ತೇದಾರರು. ಒಬ್ಬನಿಗೆ ಈ ಮುದುಕ ಹೇಳುವುದರಲ್ಲಿ ಒಂದಕ್ಷರವೂ ನಂಬಿಕೆಯಿಲ್ಲ. ಹೆಣಗಳನ್ನು ಎಬ್ಬಿಸಿ ದುಡಿಸುತ್ತಿರುವವಳು ಒಬ್ಬ ಜಪಾನೀ ಮಾಟಗಾತಿ. ಆಮೇಲೆ ಹೊಡೆದಾಟ, ನಗು, ಮತ್ತೆ ಹೊಡೆದಾಟ. ಅಲ್ಲೊಂದು ದೃಶ್ಯದಲ್ಲಿ ಫೆಂಗ್ ಮತ್ತು ಆ ಮಾಟಗಾತಿ ಬೇರೆಬೇರೆ ಕಡೆ ಕುಳಿತು ದೂರದಿಂದಲೇ ಮಾಟಕ್ಕೆ ಮಾಟ ಒಡ್ಡಿ ಹೋರಾಡುತ್ತಾರೆ. ಆ ಹೊತ್ತಿಗೆ ನಮ್ಮ ಬಸ್ಸೋ ಹಾಡುಗಾರ ಗೋಳಿಬಜೆಯನ್ನು ಕೈಯಲ್ಲೇ ಹಿಡಿದು ತಿನ್ನುವುದನ್ನು ಮರೆತಿದ್ದ.

ಫೆಂಗ್ ಆಗಿ ನಟಿಸಿದವರು ಲ್ಯಾಮ್ ಚಿಂಗ್-ಯಿಂಗ್. ಈ ಹೆಸರು ನಮಗೆ ಗೊತ್ತಿರಲಿಲ್ಲ. ಆದರೆ ಬ್ರೂಸ್ ಲೀ ಗೊತ್ತಲ್ಲವೇ? ಲ್ಯಾಮ್ 1952ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಪೀಕಿಂಗ್ ಒಪೆರಾ ಶಾಲೆ ಸೇರಿದವರು. ಅಲ್ಲಿ ಹಾಡು, ಕುಣಿತ, ಲಾಗ, ಕತ್ತಿವರಸೆ ಎಲ್ಲ ಒಟ್ಟಿಗೆ ಕಲಿಸುತ್ತಾರೆ. ಯಕ್ಷಗಾನದ ಬಾಲಗೋಪಾಲರನ್ನು ನೋಡಿದವರಿಗೆ ಸ್ವಲ್ಪ ಅಂದಾಜಾದೀತು. ಮೈಕಟ್ಟು ತೆಳ್ಳಗಿದ್ದುದರಿಂದ ಸ್ಟಂಟ್ ದೃಶ್ಯಗಳಲ್ಲಿ ನಟಿಯರ ಬದಲಿಗೆ ಬೀಳುವ, ಏಳುವ ಕೆಲಸ ಅವರಿಗೆ ಸಿಗುತ್ತಿತ್ತು. 1971ರ ‘ದಿ ಬಿಗ್ ಬಾಸ್’ನಿಂದ ಬ್ರೂಸ್ ಲೀ ಜೊತೆ ದುಡಿದರು. 1985ರಲ್ಲಿ ರಿಕಿ ಲಾವ್ ನಿರ್ದೇಶನದ ‘ಮಿಸ್ಟರ್ ವ್ಯಾಂಪೈರ್’ ಬಂತು. ಎರಡು ಹುಬ್ಬು ಒಂದಾಗಿ ಕೂಡಿದ, ಹಳದಿ ನಿಲುವಂಗಿಯ ತಾವೋ ಪುರೋಹಿತನ ಪಾತ್ರ ಅವರನ್ನು ಮನೆಮಾತಾಗಿಸಿತು. ಆ ಸಿನಿಮಾ ಹಾಂಗ್‌ಕಾಂಗ್‌ನಲ್ಲೇ 2 ಕೋಟಿ ಹಾಂಗ್‌ಕಾಂಗ್ ಡಾಲರ್ ಗಳಿಸಿತು. ಆಮೇಲೆ ಜನ ಅವರನ್ನು ಬೇರೆ ಪಾತ್ರದಲ್ಲಿ ನೋಡಲು ಒಪ್ಪಲೇ ಇಲ್ಲ. ‘ಮ್ಯಾಜಿಕ್ ಕಾಪ್’ನಲ್ಲಿ ಅದೇ ಪುರೋಹಿತನಿಗೆ ಪೊಲೀಸ್ ಕೆಲಸ ಕೊಟ್ಟಿದ್ದಾರೆ, ಅಷ್ಟೆ. 1997ರ ನವೆಂಬರಿನಲ್ಲಿ ಯಕೃತ್ತಿನ ಕ್ಯಾನ್ಸರಿನಿಂದ ತೀರಿಹೋದಾಗ ಅವರಿಗೆ 44 ವರ್ಷ. ಬ್ರಿಟಿಷರು ಹಾಂಗ್‌ಕಾಂಗನ್ನು ಚೀನಾಕ್ಕೆ ಬಿಟ್ಟುಕೊಟ್ಟು ಆಗ ನಾಲ್ಕೇ ತಿಂಗಳಾಗಿತ್ತು.

ನಿರ್ದೇಶಕರು ತುಂಗ್ ವಾಯ್. ‘ಎಂಟರ್ ದ ಡ್ರ್ಯಾಗನ್’ನಲ್ಲಿ ಬ್ರೂಸ್ ಲೀ ಒಬ್ಬ ಹುಡುಗನ ತಲೆಗೆ ಮೊಟಕಿ ಪಾಠ ಹೇಳುವ ದೃಶ್ಯ ನೆನಪಿದೆಯೇ? ಆ ಹುಡುಗನೇ ಇವರು. 1973ರಲ್ಲಿ ಮೊಟಕಿಸಿಕೊಂಡವರು 1990ರಲ್ಲಿ ಹೆಣಗಳಿಗೆ ಕುಂಗ್‌ಫೂ ಆಡಿಸಿದ್ದಾರೆ. ಆ ಒಂದೂವರೆ ಗಂಟೆಯಲ್ಲಿ ನಮಗೆ ಅತ್ಯಂತ ಇಷ್ಟವಾದದ್ದು ಈ ಹೊಡೆದಾಟವೇ, ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಕಂಪ್ಯೂಟರಿನಲ್ಲಿ ಮಾಡಿದ ಈಗಿನ ದೆವ್ವಗಳಿಗೆ ತೂಕವಿರುವುದಿಲ್ಲ. ಇಲ್ಲಿ ಬಿದ್ದವನು ನಿಜವಾಗಿ ಬಿದ್ದಿದ್ದಾನೆ, ಮೇಜು ನಿಜವಾಗಿ ಮುರಿದಿದೆ. ಮರುದಿನ ಅವರಿಗೆಲ್ಲ ಎಲ್ಲೆಲ್ಲಿ ನೋವಿತ್ತೋ!

ಈಗ ಗುರಿಕಾರರ ಪ್ರಶ್ನೆಗೆ ಬರೋಣ. ಹಿರಿಯರ ಆತಂಕ ಸುಳ್ಳಲ್ಲ ಎಂದು ಮೊದಲೇ ಹೇಳಿಬಿಡುತ್ತೇವೆ. ಸಿನಿಮಾದಲ್ಲಿ ತಾಯಿತ, ಮಂತ್ರ, ರಕ್ತ, ಹಳದಿ ಕಾಗದ ಎಲ್ಲವೂ ಇದೆ. ಮಾಟಮಂತ್ರದ ದಾರಿ ಬೇಡ ಎಂದು ಧರ್ಮಸಭೆ ಖಂಡಿತವಾಗಿ ಹೇಳುತ್ತದೆ, ಒಳ್ಳೆಯದಕ್ಕೆಂದು ಮಾಡುವ ಮಾಟವೂ ಬೇಡ ಎನ್ನುತ್ತದೆ. ದೆವ್ವ ಬಿಡಿಸುವ ವಿಷಯದಲ್ಲಿ ನಮ್ಮ ನಿಯಮ ಇನ್ನೂ ಬಿಗಿ. ಧರ್ಮಸಭೆಯ ಕಾನೂನು ಸಂಹಿತೆಯ 1172ನೇ ವಿಧಿಯ ಪ್ರಕಾರ, ಧರ್ಮಾಧ್ಯಕ್ಷರ ವಿಶೇಷ ಅನುಮತಿ ಇಲ್ಲದೆ ಯಾವ ಗುರುವೂ ಆ ಕೆಲಸಕ್ಕೆ ಕೈಹಾಕುವಂತಿಲ್ಲ. ಅದಕ್ಕೂ ಮೊದಲು ಅದು ಕಾಯಿಲೆಯಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಅಂಕಲ್ ಫೆಂಗ್ ನಮ್ಮ ಧರ್ಮಪ್ರಾಂತ್ಯದಲ್ಲಿ ಇದ್ದಿದ್ದರೆ ಮೊದಲ ಅರ್ಧ ಗಂಟೆ ಬಿಷಪ್ ಹೌಸಿನ ಬೆಂಚಿನಲ್ಲೇ ಕಳೆಯುತ್ತಿತ್ತು.

ಆದರೆ ಸಿನಿಮಾದಲ್ಲಿ ಹೆಣ ಕಂಡಿತು ಎಂದ ಮಾತ್ರಕ್ಕೆ ಅದು ಪಿಶಾಚಿಯ ಪಾಠ ಎನ್ನುವುದು ಆತುರ. ಆ ಹೆಣ ಎಲ್ಲಿಂದ ಬಂತೆಂದು ನೋಡಬೇಕು. ಚೀನಾದ ದೆವ್ವದ ಕಥೆಗಳಲ್ಲಿ ‘ಜಿಯಾಂಗ್‌ಶಿ’ ಎಂಬುದೊಂದಿದೆ. ಕೈಗಳನ್ನು ಮುಂದಕ್ಕೆ ಚಾಚಿ, ಸೆಟೆದುಕೊಂಡು, ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತ ಬರುವ ಹೆಣ ಅದು. ‘ಮಿಸ್ಟರ್ ವ್ಯಾಂಪೈರ್’ ನೋಡಿದವರಿಗೆ ಚೆನ್ನಾಗಿ ಗೊತ್ತು. ಅದರ ಮೂಲದ ಬಗ್ಗೆ ಹೇಳುವ ಒಂದು ಐತಿಹ್ಯ ಹುನಾನ್ ಪ್ರಾಂತ್ಯದ ಪಶ್ಚಿಮದ ಗುಡ್ಡಗಾಡಿನದು. ದುಡಿಯಲು ದೂರದೂರಿಗೆ ಹೋದ ಬಡವರು ಅಲ್ಲೇ ಸತ್ತರೆ ಹೆಣವನ್ನು ಮನೆಗೆ ಸಾಗಿಸಲು ಮನೆಯವರಲ್ಲಿ ದುಡ್ಡಿರುತ್ತಿರಲಿಲ್ಲ. ಪರದೇಶದಲ್ಲಿ ಹೂತರೆ ಆತ್ಮ ಅಲೆಯುತ್ತದೆ ಎಂಬ ನಂಬಿಕೆ ಬೇರೆ. ಆಗ ‘ಹೆಣ ನಡೆಸುವವರು’ ರಾತ್ರಿ ಹೊತ್ತು ಗಂಟೆ ಬಾರಿಸುತ್ತ ಸತ್ತವರನ್ನು ಸಾಲಾಗಿ ಊರಿಗೆ ನಡೆಸಿಕೊಂಡು ಬರುತ್ತಿದ್ದರಂತೆ. ಹೆಣಗಳನ್ನು ಉದ್ದ ಬಿದಿರಿನ ಎರಡು ಗಳಗಳಿಗೆ ಕಟ್ಟಿ ಹಿಂದೆ ಮುಂದೆ ಹೊತ್ತು ನಡೆದಿರಬೇಕು, ಬಿದಿರು ಬಳುಕಿದಾಗ ದೂರದಿಂದ ನೋಡಿದವರಿಗೆ ಕುಪ್ಪಳಿಸಿದಂತೆ ಕಂಡಿರಬೇಕು ಎಂದು ಇದನ್ನು ವಿವರಿಸುವವರೂ ಇದ್ದಾರೆ.

ನಮ್ಮ ಬಿಎಸ್ಸಿ ತಲೆ ಇಲ್ಲಿ ಸುಮ್ಮನಿರಲಿಲ್ಲ. ಸತ್ತ ಕೆಲವು ಗಂಟೆಗಳಲ್ಲಿ ದೇಹ ಸೆಟೆಯುತ್ತದೆ. ಸ್ನಾಯುವಿನಲ್ಲಿ ಎಟಿಪಿ ಮುಗಿದುಹೋದರೆ ಒಂದಕ್ಕೊಂದು ಕಚ್ಚಿಕೊಂಡ ಎಳೆಗಳು ಬಿಡಿಸಿಕೊಳ್ಳಲಾರವು. ಸುಮಾರು ಹನ್ನೆರಡು ಗಂಟೆಗೆ ಅದು ಪೂರ್ತಿಯಾಗಿ, ಒಂದೆರಡು ದಿನದಲ್ಲಿ ಮತ್ತೆ ಸಡಿಲವಾಗುತ್ತದೆ. ನಮ್ಮ ಸೆಕೆಗೆ ಇನ್ನೂ ಬೇಗ. ಹಾಗಾಗಿ ತಿಂಗಳುಗಟ್ಟಲೆ ಸೆಟೆದುಕೊಂಡೇ ಕುಪ್ಪಳಿಸುವ ಹೆಣ ಪರೀಕ್ಷೆಯಲ್ಲಿ ಫೇಲ್. ಇದನ್ನು ಹೇಳಿದಾಗ ಉಳಿದವರೆಲ್ಲ ದಿಂಬು ತೆಗೆದು ಎಸೆದರು.

ವಿಜ್ಞಾನ ಹಾಗಿರಲಿ. ಆ ಐತಿಹ್ಯದ ಒಳಗಿರುವುದು ಏನು? ದೂರದಲ್ಲಿ ಸತ್ತ ಮಗ ಮನೆಗೆ ಬರಲಿ ಎಂಬ ತಾಯಿಯ ಆಸೆ. ಗಲ್ಫಿನಿಂದ ಪೆಟ್ಟಿಗೆ ಬರುವುದನ್ನು ಕಾದು ಕುಳಿತ ಮನೆಗಳು ನಮ್ಮ ಊರಲ್ಲಿ ಎಷ್ಟಿಲ್ಲ! ಕಾಗದಪತ್ರ ಮುಗಿದು, ವಿಮಾನ ಇಳಿದು, ಆಂಬುಲೆನ್ಸ್ ಅಂಗಳಕ್ಕೆ ಬರುವವರೆಗೆ ಆ ಮನೆಗಳಲ್ಲಿ ಯಾರೂ ನೆಟ್ಟಗೆ ಊಟ ಮಾಡುವುದಿಲ್ಲ. ಚೀನೀಯರು ತಮ್ಮ ಪಂಚಾಂಗದ ಏಳನೇ ತಿಂಗಳಲ್ಲಿ ಸತ್ತವರಿಗೆ ಅನ್ನ ಇಡುತ್ತಾರೆ. ನಮ್ಮ ನೆರೆಯವರು ಆಟಿಯಲ್ಲಿ ಬಡಿಸುತ್ತಾರೆ. ನಾವು ನವೆಂಬರ್ 2ರಂದು ಸಿಮಿತ್ರಿಗೆ ಹೋಗಿ ಹುಲ್ಲು ಕಿತ್ತು, ಹೂವಿಟ್ಟು, ಮೊಂಬತ್ತಿ ಹಚ್ಚುತ್ತೇವೆ. ಮೂರೂ ಒಂದೇ ಎಂದು ಹೇಳುತ್ತಿಲ್ಲ, ನಂಬಿಕೆ ಬೇರೆಬೇರೆ. ಆದರೆ ಸತ್ತವರು ತಮ್ಮವರಲ್ಲ ಎಂದು ಕೈತೊಳೆದುಕೊಳ್ಳದ ಮನಸ್ಸು ಮೂರು ಕಡೆಯೂ ಇದೆ.

ಈ ವಿಷಯದಲ್ಲಿ ಧರ್ಮಸಭೆಯೂ ಒಂದೇ ದಿನದಲ್ಲಿ ತೀರ್ಮಾನಕ್ಕೆ ಬಂದದ್ದಲ್ಲ. 1601ರಲ್ಲಿ ಬೀಜಿಂಗ್ ಮುಟ್ಟಿದ ಯೇಸುಸಭೆಯ ಮತ್ತೆಯೊ ರಿಚ್ಚಿ, ಚೀನೀಯರು ಹಿರಿಯರ ಹೆಸರಿನ ಹಲಗೆಯ ಮುಂದೆ ತಲೆಬಾಗುವುದು ಗೌರವ, ಆರಾಧನೆಯಲ್ಲ ಎಂದು ಕಂಡುಕೊಂಡರು. ಬೇರೆ ಸಭೆಗಳ ಮಿಷನರಿಗಳು ಒಪ್ಪಲಿಲ್ಲ. ಜಗಳ ರೋಮಿಗೆ ಹೋಯಿತು. 1742ರಲ್ಲಿ 14ನೇ ಬೆನೆಡಿಕ್ಟ್ ಜಗದ್ಗುರುಗಳು ಆ ಆಚರಣೆಗಳನ್ನು ನಿಷೇಧಿಸಿ ಚರ್ಚೆಯನ್ನೇ ಮುಚ್ಚಿದರು. 1939ರಲ್ಲಿ 12ನೇ ಪಿಯುಸ್ ಜಗದ್ಗುರುಗಳ ಕಾಲದಲ್ಲಿ ಮತ್ತೆ ಅನುಮತಿ ಸಿಕ್ಕಿತು. ನಡುವೆ 197 ವರ್ಷ. ಅಷ್ಟು ವರ್ಷ ಎಷ್ಟು ಚೀನೀ ಕ್ರೈಸ್ತರು ಅಜ್ಜ ಅಜ್ಜಿಯ ಹಲಗೆಯ ಮುಂದೆ ತಲೆಬಾಗಲೂ ಆಗದೆ, ಬಾಗದಿರಲೂ ಆಗದೆ ನಿಂತಿದ್ದರೋ ಏನೋ. ಇಷ್ಟನ್ನು ಓದಿದ ಮೇಲೆ, ಒಂದು ಮಳೆಯ ಸಂಜೆಯ ಸಿನಿಮಾದ ಬಗ್ಗೆ ಚರ್ಚಿನ ಅಂಗಳದಲ್ಲಿ ಐದು ನಿಮಿಷದಲ್ಲಿ ತೀರ್ಪು ಕೊಡುವುದು ಬೇಡ ಎಂದು ನಮಗೆ ಅನಿಸಿತು.

ಸಿನಿಮಾದ ತಪ್ಪುಗಳನ್ನೂ ಹೇಳಬೇಕು. ಮಾಟಗಾತಿಯನ್ನು ಜಪಾನಿನವಳನ್ನಾಗಿ ಮಾಡಿದ್ದು ಸುಮ್ಮನೆ ಅಲ್ಲ. 1941ರ ಕ್ರಿಸ್ಮಸ್ ದಿನ ಹಾಂಗ್‌ಕಾಂಗ್ ಜಪಾನಿಗೆ ಶರಣಾಯಿತು. 1945ರವರೆಗೆ ಅಲ್ಲಿನ ಜನ ಪಟ್ಟ ಪಾಡು ಸಣ್ಣದಲ್ಲ. ಆ ನೋವು ಅರ್ಥವಾಗುತ್ತದೆ. ಆದರೂ ಎಲ್ಲ ಕೇಡೂ ಹೊರಗಿನವಳಿಂದಲೇ ಬಂತು ಎಂದು ತೋರಿಸಿದರೆ ಊರೊಳಗಿನ ಗಿರಾಕಿಗಳೂ ದಲ್ಲಾಳಿಗಳೂ ಆರಾಮವಾಗಿ ಪಾರಾಗಿಬಿಡುತ್ತಾರೆ. ನಮ್ಮ ಊರಲ್ಲೂ ಏನಾದರೂ ಕೆಟ್ಟರೆ ಮೊದಲು ‘ಹೊರಗಿನ ರಾಜ್ಯದವರು’ ಎನ್ನುವುದು ಅಭ್ಯಾಸ. ಆ ಪಾತ್ರ ಮಾಡಿದ ಮಿಚಿಕೊ ನಿಶಿವಾಕಿ ನಿಜ ಜೀವನದಲ್ಲಿ ದೇಹದಾರ್ಢ್ಯ ಪಟು. ಅವರ ಹೊಡೆದಾಟ ನೋಡಿ ನಮ್ಮ ಹುಡುಗಿಯರು ಚಪ್ಪಾಳೆ ತಟ್ಟಿದರು. ಫೆಂಗ್ ಅವರ ಸೊಸೆಗೆ ಮಾತ್ರ ಸಿನಿಮಾದಲ್ಲಿ ದೊಡ್ಡ ಕೆಲಸ ಕೊಟ್ಟಿಲ್ಲ ಎಂದು ಅವರದೇ ದೂರು, ಅದು ಸರಿ ಕೂಡ. ರಕ್ತ, ಹೆಣ, ಹೊಡೆದಾಟ ಸಾಕಷ್ಟಿರುವುದರಿಂದ ಸಣ್ಣ ಮಕ್ಕಳ ಜೊತೆ ನೋಡುವ ಸಿನಿಮಾ ಇದಲ್ಲ ಎನ್ನುವುದನ್ನೂ ಸೇರಿಸುತ್ತೇವೆ.

ಪೊಲೀಸ್ ಜೋಡಿಯ ವಿಷಯ. ಇಂಥ ಕಥೆಯಲ್ಲಿ ನಂಬುವವನು ಗೆಲ್ಲುತ್ತಾನೆ, ನಂಬದವನು ಪೆದ್ದನಾಗುತ್ತಾನೆ. ಇಲ್ಲೂ ಸ್ವಲ್ಪ ಹಾಗೇ. ಆದರೆ ಫೆಂಗ್ ತಮ್ಮ ವಿದ್ಯೆಯ ಬಗ್ಗೆ ಭಾಷಣ ಮಾಡುವುದಿಲ್ಲ. ನಕ್ಕರೆ ನಗಲಿ ಎಂದು ತಮ್ಮ ಕೆಲಸ ನೋಡುತ್ತಾರೆ. ಪೊಲೀಸ್ ಠಾಣೆಯಲ್ಲಿ ಪುರೋಹಿತನೆಂದರೆ ನಮಗೆ ವಿಚಿತ್ರ ಎನಿಸಬಹುದು. ಹಾಂಗ್‌ಕಾಂಗ್‌ನವರಿಗೆ ಅಷ್ಟು ವಿಚಿತ್ರವಲ್ಲ. ಅಲ್ಲಿನ ಅನೇಕ ಠಾಣೆಗಳಲ್ಲಿ ಇವತ್ತಿಗೂ ಕ್ವಾನ್ ತೈ ದೇವರ ಗೂಡು ಇರುತ್ತದೆ. ಸುಮಾರು 1800 ವರ್ಷ ಹಿಂದಿನ ಸೇನಾಪತಿಯೊಬ್ಬ ಸ್ವಾಮಿನಿಷ್ಠೆಗಾಗಿ ದೇವರಾದದ್ದು. ತಮಾಷೆಯೆಂದರೆ ಪೊಲೀಸರು ಹಿಡಿಯಬೇಕಾದ ಟ್ರಯಾಡ್ ಗ್ಯಾಂಗಿನವರೂ ಅದೇ ದೇವರಿಗೆ ಊದುಬತ್ತಿ ಹಚ್ಚುತ್ತಾರೆ. ಒಂದೇ ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಯಾರು ಯಾರು ಕುಳಿತಿರುತ್ತಾರೆ ಎಂದು ನಾವೂ ಒಮ್ಮೆ ಯೋಚಿಸಬೇಕಾದದ್ದೇ.

ಇನ್ನೊಂದು ಸಣ್ಣ ಸಂಗತಿ. ‘ಮಿಸ್ಟರ್ ವ್ಯಾಂಪೈರ್’ನಲ್ಲಿ ಹೆಣ ಕಚ್ಚಿದವನ ವಿಷ ಇಳಿಸಲು ಅಂಟು ಅಕ್ಕಿ ಬೇಕಾಗುತ್ತದೆ. ಅಂಗಡಿಯವನು ಲಾಭಕ್ಕೆ ಅದರಲ್ಲಿ ಸಾಧಾರಣ ಅಕ್ಕಿ ಬೆರೆಸಿ ಕೊಡುತ್ತಾನೆ, ಮದ್ದು ಹಿಡಿಯುವುದಿಲ್ಲ. ನಗಿಸುವ ದೃಶ್ಯ ಅದು. ಆದರೆ ಅಲ್ಲಿ ಒಬ್ಬನ ಪ್ರಾಣಕ್ಕೆ ಕುತ್ತು ತಂದದ್ದು ಕಲಬೆರಕೆ ಅಕ್ಕಿ. ದೆವ್ವಕ್ಕೆ ಅದರಲ್ಲಿ ಅರ್ಧ ಪಾಲು ಮಾತ್ರ.

‘ಮ್ಯಾಜಿಕ್ ಕಾಪ್’ನಲ್ಲಿ ಇದೇ ಮಾತು ಇನ್ನೂ ಖಾರವಾಗಿದೆ ಎಂದು ನಮಗೆ ಕಂಡಿತು. ಆ ಸತ್ತ ಹೆಂಗಸು ಯಾರಿಗೂ ಕೇಡು ಬಯಸಿದವಳಲ್ಲ. ಅವಳಿಗೆ ಬಯಕೆಯೇ ಇಲ್ಲ. ಹುನಾನಿನ ಹೆಣ ನಡೆಸುವವರು ಸತ್ತವರನ್ನು ಮನೆ ಮುಟ್ಟಿಸಿದರು ಎನ್ನುತ್ತದೆ ಐತಿಹ್ಯ. ಇಲ್ಲಿ ಅದೇ ವಿದ್ಯೆಯಿಂದ ಸತ್ತವಳನ್ನು ಸರಕಿನ ಚೀಲ ಮಾಡಿದ್ದಾರೆ. ಸಂಬಳ ಕೊಡಬೇಕಿಲ್ಲ, ಹೆದರುವುದಿಲ್ಲ, ಸಿಕ್ಕಿಬಿದ್ದರೆ ಬಾಯಿಬಿಡುವುದಿಲ್ಲ. ಇದಕ್ಕಿಂತ ಒಳ್ಳೆಯ ಕೂಲಿಯಾಳು ಮಾದಕವಸ್ತು ಮಾರುವವನಿಗೆ ಎಲ್ಲಿ ಸಿಗುತ್ತಾನೆ?

ಇದನ್ನು ಮಾತಾಡುವಾಗ ನಮ್ಮಲ್ಲೊಬ್ಬಳಿಗೆ ಪ್ರೇಷಿತರ ಕಾರ್ಯಕಲಾಪಗಳ 16ನೇ ಅಧ್ಯಾಯ ನೆನಪಾಯಿತು. ಫಿಲಿಪ್ಪಿ ಊರಿನಲ್ಲಿ ದುರಾತ್ಮ ಹಿಡಿದ ಒಬ್ಬ ದಾಸಿ ಹುಡುಗಿ ಕಣಿ ಹೇಳುತ್ತಿದ್ದಳು. ಅದರಿಂದ ಅವಳ ಯಜಮಾನರಿಗೆ ಒಳ್ಳೆಯ ಗಳಿಕೆ. ಪೌಲರು ಅದನ್ನು ಬಿಡಿಸಿದರು. ಹುಡುಗಿ ಚೇತರಿಸಿಕೊಂಡಳೆಂದು ಯಜಮಾನರಿಗೆ ಸಂತೋಷವಾಯಿತೇ? ಗಳಿಕೆ ಹೋಯಿತೆಂದು ಪೌಲರನ್ನೂ ಸೀಲರನ್ನೂ ಎಳೆದೊಯ್ದು, ಚಡಿಯೇಟು ಹೊಡೆಸಿ, ಸೆರೆಗೆ ಹಾಕಿಸಿದರು. ದುರಾತ್ಮ ಒಂದೇ ಮಾತಿಗೆ ಬಿಟ್ಟುಹೋಯಿತು. ಬಿಡದವರು ಯಜಮಾನರು. ಆ ಅಧ್ಯಾಯದ ಮೇಲೆ ಪ್ರವಚನ ಕೇಳಿದ್ದೇವೆ. ಅದರಲ್ಲಿ ಸೆರೆಮನೆಯ ಬಾಗಿಲು ತೆರೆದದ್ದು ಬರುತ್ತದೆ, ಭೂಕಂಪ ಬರುತ್ತದೆ, ಈ ಯಜಮಾನರ ಬಗ್ಗೆ ಹೆಚ್ಚೇನೂ ಬರುವುದಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಇದೊಂದು ಸಿನಿಮಾ ಚರ್ಚೆಯಾಗುತ್ತಿತ್ತು. ಆದರೆ ಆ ಸಂಜೆ ಇನ್ನೊಂದು ನಡೆಯಿತು. ಸಂಬಂಧಪಟ್ಟವನ ಒಪ್ಪಿಗೆ ಪಡೆದು, ಅವನ ಗುರುತು ಸಿಗದಂತೆ ಬರೆಯುತ್ತೇವೆ.

ಸಿನಿಮಾ ಮುಗಿದ ಮೇಲೆ ಎಲ್ಲರೂ ಹೊಡೆದಾಟವನ್ನು ನಕಲು ಮಾಡುತ್ತಿದ್ದಾಗ ಒಬ್ಬ ಕೇಳಿದ: "ಆ ಹೆಂಗಸಿಗೆ ತಾನು ಎಂತ ಹೊತ್ತಿದ್ದೇನೆ ಅಂತ ಗೊತ್ತಿತ್ತಾ?"

"ಸತ್ತವಳಿಗೆ ಎಂತ ಗೊತ್ತಾಗ್ತದೆ ಮಾರಾಯ?" ಎಂದು ಯಾರೋ ನಕ್ಕರು. ಅವನು ನಗಲಿಲ್ಲ.

ಎರಡು ದಿನ ಬಿಟ್ಟು ನಮ್ಮಲ್ಲಿ ಇಬ್ಬರನ್ನು ಕರೆದು ಹೇಳಿದ. ಅವನು ದಿನಾ ಗಡಿ ದಾಟಿ ಕಾಲೇಜಿಗೆ ಹೋಗುವವನು, ನಮ್ಮಲ್ಲಿ ಅರ್ಧದಷ್ಟು ಮಂದಿಯ ಹಾಗೆ. ಬಸ್ಸಿನಲ್ಲಿ ಪರಿಚಯವಾದ ಒಬ್ಬ ಒಂದು ಪೊಟ್ಟಣ ತಂದುಕೊಡು ಎಂದಿದ್ದನಂತೆ. ದೊಡ್ಡದೇನಲ್ಲ, ಟಿಫಿನ್ ಡಬ್ಬಿಯಷ್ಟು. ಒಳಗೆ ಏನಿದೆ ಎಂದು ಕೇಳಬಾರದು, ತೆರೆಯಬಾರದು, ಇಲ್ಲಿ ಇಳಿದು ಒಬ್ಬರ ಕೈಗೆ ಕೊಟ್ಟರೆ ಎರಡು ಸಾವಿರ. ಬೈಕಿನ ಕಂತು ಎರಡು ತಿಂಗಳು ಬಾಕಿ ಇತ್ತು, ಮನೆಯಲ್ಲಿ ಹೇಳಿರಲಿಲ್ಲ. "ಸೋಮವಾರ ಹೇಳ್ತೇನೆ ಅಂದಿದ್ದೆ. ಆದಿತ್ಯವಾರ ಈ ಸಿನಿಮಾ ನೋಡಿದೆ" ಎಂದ.

ಅವನು ಒಯ್ಯಲಿಲ್ಲ. ಆ ಸಂಖ್ಯೆಯನ್ನು ಬ್ಲಾಕ್ ಮಾಡಿದ. ಈಗ ಬೇರೆ ಬಸ್ಸಿನಲ್ಲಿ ಹೋಗುತ್ತಾನೆ, ನಮ್ಮವರೊಬ್ಬರು ಜೊತೆಗಿರುತ್ತಾರೆ. ಕಂತಿನ ವಿಷಯ ಅಪ್ಪನಿಗೆ ಹೇಳುವಾಗ ನಾವು ಇಬ್ಬರು ಅಂಗಳದಲ್ಲಿ ನಿಂತಿದ್ದೆವು. ಒಳಗಿನಿಂದ ಸ್ವಲ್ಪ ಹೊತ್ತು ಜೋರು ಸ್ವರ ಕೇಳಿಸಿತು, ಆಮೇಲೆ ಅವನ ಅಪ್ಪ ಹೊರಗೆ ಬಂದು ನಮ್ಮನ್ನು ಊಟಕ್ಕೆ ಕರೆದರು.

ಇದಕ್ಕೂ ಮೊದಲು ನಮ್ಮ ಚರ್ಚ್ ಹಾಲಿನಲ್ಲಿ ಮಾದಕವಸ್ತು ವಿರುದ್ಧ ಜಾಗೃತಿ ಕಾರ್ಯಕ್ರಮ ನಡೆದಿತ್ತು. ಪ್ರೊಜೆಕ್ಟರ್, ಬ್ಯಾನರ್, ಅತಿಥಿಗಳಿಗೆ ಹೂಗುಚ್ಛ ಎಲ್ಲ ಇತ್ತು. ಕುರ್ಚಿ ಹಾಕಿದವರು ನಾವೇ. ಈ ಹುಡುಗನೂ ಬಂದಿದ್ದ, ಕೊನೆಯ ಸಾಲಿನಲ್ಲಿ ಕುಳಿತಿದ್ದ. ಅಲ್ಲಿ ಹೇಳಿದ್ದೆಲ್ಲ ಸೇದುವವರ, ನುಂಗುವವರ ಬಗ್ಗೆ. ಅವನು ಸೇದುವವನಲ್ಲ, ಹಾಗಾಗಿ ತನಗೆ ಹೇಳಿದ್ದೆಂದು ಅವನಿಗೆ ಅನಿಸಲೇ ಇಲ್ಲ. ಹೊತ್ತುಕೊಂಡು ಹೋಗುವವನ ಬಗ್ಗೆ ಅವನಿಗೆ ಮೊದಲು ತೋರಿಸಿದ್ದು ಮೂವತ್ತು ಚಿಲ್ಲರೆ ವರ್ಷ ಹಳೆಯ ಹಾಂಗ್‌ಕಾಂಗ್ ಸಿನಿಮಾದ ಒಂದು ಹೆಣ. ಆ ಕಾರ್ಯಕ್ರಮ ಮಾಡಿದವರಲ್ಲಿ ನಾವೂ ಇದ್ದೆವು, ಆದ್ದರಿಂದ ಈ ಮಾತು ನಮಗೂ ತಾಗುತ್ತದೆ.

ಅಂದು ಹೇಳದೆ ಬಿಟ್ಟದ್ದನ್ನು ಈಗ ಹೇಳಿಬಿಡುತ್ತೇವೆ. 1985ರ ಎನ್‌ಡಿಪಿಎಸ್ ಕಾಯಿದೆಯಲ್ಲಿ ಸೇವಿಸುವುದು ಮಾತ್ರ ಅಪರಾಧವಲ್ಲ. ಇಟ್ಟುಕೊಳ್ಳುವುದು, ಸಾಗಿಸುವುದು ಕೂಡ ಅಪರಾಧ. ಎಂಡಿಎಂಎ 10 ಗ್ರಾಂ ಮೀರಿದರೆ ‘ವಾಣಿಜ್ಯ ಪ್ರಮಾಣ’ದ ಲೆಕ್ಕಕ್ಕೆ ಬರುತ್ತದೆ. ಹತ್ತು ಗ್ರಾಂ ಎಂದರೆ ಚಹಾಕ್ಕೆ ಹಾಕುವ ಎರಡು ಚಮಚ ಸಕ್ಕರೆಯಷ್ಟು. ವಾಣಿಜ್ಯ ಪ್ರಮಾಣ ಮೀರಿದರೆ ಕನಿಷ್ಠ ಶಿಕ್ಷೆ 10 ವರ್ಷದ ಕಠಿಣ ಸಜೆ, ಜೊತೆಗೆ ಕಡಿಮೆಯೆಂದರೆ 1 ಲಕ್ಷ ರೂಪಾಯಿ ದಂಡ. "ಚೀಲದಲ್ಲಿ ಏನಿತ್ತೆಂದು ನನಗೆ ಗೊತ್ತಿರಲಿಲ್ಲ" ಎಂದರೆ ಸಾಲದು. 35ನೇ ವಿಧಿಯ ಪ್ರಕಾರ ಗೊತ್ತಿತ್ತೆಂದೇ ನ್ಯಾಯಾಲಯ ಭಾವಿಸುತ್ತದೆ, ಗೊತ್ತಿರಲಿಲ್ಲ ಎನ್ನುವುದನ್ನು ಆರೋಪಿಯೇ ಸಾಬೀತು ಮಾಡಬೇಕು. ಪೊಟ್ಟಣ ಕೊಟ್ಟವನ ಹೆಸರು ಕೂಡ ಸರಿಯಾಗಿ ಗೊತ್ತಿಲ್ಲದ ಹುಡುಗ ಅದನ್ನು ಹೇಗೆ ಸಾಬೀತು ಮಾಡಿಯಾನು? ಚಟಕ್ಕೆ ಬಿದ್ದವರು ನಮ್ಮ ನಡುವೆ ಇದ್ದರೆ ಅವರಿಗೂ ದಾರಿ ಉಂಟು. ತಾವಾಗಿಯೇ ಚಿಕಿತ್ಸೆಗೆ ಮುಂದೆ ಬಂದವರಿಗೆ ಇದೇ ಕಾಯಿದೆ ಕೆಲವು ಷರತ್ತುಗಳ ಮೇಲೆ ರಿಯಾಯಿತಿ ಕೊಡುತ್ತದೆ. ವ್ಯಸನಮುಕ್ತಿಗೆ ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446.

ಹಿರಿಯರಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ದೆವ್ವದ ಸಿನಿಮಾ ನೋಡಿದಿರಾ ಎಂದು ಕೇಳುವಾಗ, ಅದರಲ್ಲಿ ಎಂತ ಉಂಟು, ನಿಮಗೆ ಎಂತ ಅನಿಸಿತು ಎಂದೂ ಕೇಳಿ. ಬೈಕಿನ ಕಂತು ಎಷ್ಟು ಬಾಕಿ ಎಂದು ಕೇಳಿ. ಬಸ್ಸಿನಲ್ಲಿ ಯಾರು ಸಿಗುತ್ತಾರೆ ಎಂದು ಕೇಳಿ. ಯುವಮಿತ್ರರೇ, ನೀವೂ ಅಷ್ಟೇ. ತೆರೆಯಬೇಡ ಎಂದು ಕೊಟ್ಟ ಪೊಟ್ಟಣ ನಿಮ್ಮ ಕೈಗೆ ಬಂದರೆ, ಮುಟ್ಟುವ ಮೊದಲು ನಮ್ಮಲ್ಲಿ ಯಾರಿಗಾದರೂ ಫೋನ್ ಮಾಡಿ. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.

ಕಳೆದ ವಾರ ಗುರಿಕಾರರು ಮತ್ತೆ ಸಿಕ್ಕಿದರು. ಹುಡುಗನ ವಿಷಯ ಅವರಿಗೆ ಹೇಳಿರಲಿಲ್ಲ, ಸಿನಿಮಾದ ಕಥೆಯನ್ನಷ್ಟೇ ಹೇಳಿದೆವು. ಕೊಡೆ ಮಡಚಿ ಹಿಡಿದು ಪೂರ್ತಿ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ: "ಪಾಪ, ಆ ಹುಡುಗಿಯ ಹೆಣ ಊರಿಗೆ ಮುಟ್ಟಿತಾ?"

ಬಂದು ನೀವೇ ನೋಡಿ ಎಂದಿದ್ದೇವೆ. ಬರುವ ಶನಿವಾರ, ಜಪಸರ ಮುಗಿದ ಮೇಲೆ, ಅದೇ ಮನೆಯಲ್ಲಿ. ಹಿರಿಯರಿಗೆ ಮುಂದಿನ ಸಾಲು. ಗೋಳಿಬಜೆ ಈ ಸಲ ಸ್ವಲ್ಪ ಹೆಚ್ಚು ಮಾಡಿಸುತ್ತೇವೆ.